ನಾನು ಬಚ್ಚಿಟ್ಟ ರಿಪೋರ್ಟು

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಘಾಟಿಗೆ ಇಡೀ ಪೇಟೆಯೇ ಕೆಮ್ಮುತ್ತದೆ. ರಾಜಧಾನಿಯ ಶಂಕರಪುರದಲ್ಲಿ ಮೊದಲ ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾ ಕೆಮ್ಮಿದಾಗ ಎದುರುಮನೆಯ ಎರಡು ಕಿಟಕಿಗಳು ತೆರೆದವು. ಊರಲ್ಲಿ ಆರು ತಿಂಗಳು ಘಾಟು ಎಂದುಕೊಂಡಿದ್ದ ಕೆಮ್ಮನ್ನು ಹುಬ್ಬಳ್ಳಿಯ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದು ಹೇಳಿ ಇಲ್ಲಿನ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು.

ಚಿಕಿತ್ಸೆಗೆಂದು ಇಲ್ಲಿಗೆ ಬರುವವರು ಕೇಳಿ: ಬಾಡಿಗೆ ಹೇಳಿದೊಡನೆ ಹೂಂ ಎನ್ನಬೇಡಿ, ಮೊದಲು ನೀರು ಎಷ್ಟು ಹೊತ್ತು ಬರುತ್ತದೆಂದು ವಿಚಾರಿಸಿ. ನಮಗೆ ಸಿಕ್ಕಿದ್ದು ಸರೋಜಮ್ಮನವರ ಮನೆಯ ಹಿಂದಿನ ‘ಪೋರ್ಷನ್’, ಅಂದರೆ ಬೇರೆ ಬಾಗಿಲಿನ ಎರಡು ಕೋಣೆ. ನಮ್ಮ ಉಪ್ಪಿಟ್ಟಿಗೆ ಇಲ್ಲಿ ಖಾರಾಬಾತ್ ಎನ್ನುತ್ತಾರೆ, ಖಾರವೊಂದೇ ಇಲ್ಲ.

ನಾನು ಮೆಣಸಿನಕಾಯಿ ವ್ಯಾಪಾರಿ; ಪೇಟೆಯಲ್ಲಿ ಒಬ್ಬ ಖರೀದಿದಾರ ಹೇಳಿದ ದರವನ್ನು ಇನ್ನೊಬ್ಬನಿಗೆ ತಿಳಿಸುವುದಿಲ್ಲ. ಆ ಬುದ್ಧಿಯೇ ಇಲ್ಲಿಯೂ ಓಡಿತು. ಇವರು ತಾವಾಗಿ ಏನು ಹೇಳುತ್ತಾರೋ ನೋಡೋಣವೆಂದು ಹುಬ್ಬಳ್ಳಿಯಲ್ಲಿ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಿ ಕೊಟ್ಟ ರಿಪೋರ್ಟನ್ನು ಬಚ್ಚಿಟ್ಟೆ. ಇಲ್ಲಿನ ಡಾಕ್ಟರಮ್ಮ ಮತ್ತೆ ಸೂಜಿ ಹಾಕಿಸಿ ಗಡ್ಡೆಯ ತುಣುಕು ತೆಗೆಸಿದರು. ಮೂರು ವಾರದ ನಂತರ, ಜೀನ್ ಪರೀಕ್ಷೆಗೆ ಆ ತುಣುಕು ಸಾಲದು ಎಂದರು. ಆಗ ಬಾಯಿಬಿಟ್ಟೆ.

“ಮೊದಲೇ ಹೇಳ್ಬಾರ್ದಿತ್ತಾ ಯಜಮಾನ್ರೇ? ಅಲ್ಲಿ ತೆಗೆದ ತುಣುಕನ್ನೇ ತರಿಸ್ಕೋಬಹುದಿತ್ತು.”

“ಮೂರು ವಾರದಾಗ ಹರಡಿರತೈತೇನ್ರೀ?”

“ಅದನ್ನ ಈಗ್ಲೇ ಹೇಳೋಕಾಗಲ್ಲ. ಮೈಯ ಎಲ್ಲಾ ಕೋಶದಲ್ಲೂ ಹೆಚ್ಚುಕಮ್ಮಿ ಅದೇ ಜೀನ್‌ಗಳಿರ್ತವೆ. ಗಡ್ಡೇಲಿ ‘ಬೆಳಿ’ ಅನ್ನೋ ಜೀನ್ ಜಾಸ್ತಿ ಕೆಲಸ ಮಾಡುತ್ತೆ, ‘ಸಾಕು’ ಅನ್ನೋದು ಸುಮ್ನಾಗಿರುತ್ತೆ. ಇನ್ನು ಕೆಲವು ಚುರುಕಾದ್ರೆ ಕೋಶ ಜಾಗ ಬಿಟ್ಟು ರಕ್ತದಲ್ಲಿ ಹೊರಟುಬಿಡುತ್ತೆ. ಯಾವುದು ಅಂತ ಗೊತ್ತಾದ್ರೆ, ಅದನ್ನ ತಡೆಯೋ ಮಾತ್ರೆ ಇದೆಯಾ ನೋಡ್ತೀವಿ.”

“ಹರಡಿಲ್ಲ ಅಂತ ಒಂದ್ ಮಾತ ಹೇಳ್ರಿ.”

“ಇದ್ರಲ್ಲಿ ಚೌಕಾಸಿ ಇಲ್ಲ.”

ಹೊರಗೆ ಬಂದ ಮೇಲೆ ಗಿರಿಜಾ, “ನನ್ನ ಮೈಮ್ಯಾಲೂ ವ್ಯಾಪಾರ ಮಾಡಿದ್ರೇನ್ರೀ?” ಎಂದಳು. ಬರುವವರೇ, ಒಂದು ಕಾಗದವನ್ನೂ ಬಚ್ಚಿಡಬೇಡಿ. ಹಳೆಯ ತುಣುಕು ಎಲ್ಲಿದೆಯೆಂದು ಕೇಳಿಕೊಂಡೇ ಬನ್ನಿ.

ಹುಬ್ಬಳ್ಳಿಯ ತುಣುಕು ಈಗ ಪರೀಕ್ಷೆಯಲ್ಲಿದೆ. ಸೋಮವಾರ ಫಲಿತಾಂಶ. ಮಾತ್ರೆ ಹೊಂದಿದರೆ ಇಲ್ಲೇ ಇದ್ದು ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು. ಹೊಂದದಿದ್ದರೆ ಏನೆಂದು ಕೇಳಲು ನನಗೆ ಧೈರ್ಯವಾಗಿಲ್ಲ.

ನಿನ್ನೆ ಸರೋಜಮ್ಮ, “ಬಾಡಿಗೆ ಕರಾರು ಎಷ್ಟು ತಿಂಗಳಿಗೆ ಬರೆಸ್ಲಿ?” ಎಂದರು.

“ಐದು ವರ್ಷಕ್ಕ ಬರೀರಿ,” ಎಂದೆ.

ಒಳಗಿನಿಂದ ಗಿರಿಜಾ, “ಹಂಗಾರ ನಮ್ಮೂರು?” ಎಂದಳು.

ನನಗೂ ಊರು ಬೇಕು. ಆದರೆ ಮಾತ್ರೆ ಹೊಂದಲಿ, ನಮ್ಮನ್ನು ಬೇಗ ಊರಿಗೆ ಕಳಿಸಬೇಡ ಎಂದು ದಿನವೂ ದೇವರನ್ನು ಬೇಡಿಕೊಳ್ಳುತ್ತಿದ್ದೇನೆಂದು ಅವಳಿಗೆ ಹೇಗೆ ಹೇಳಲಿ?