ಗಾಳಿ ತಿರುಗುತ್ತದೆಂದು ಕಾದ ಶನಿವಾರ

ಒಂದು ಕಿತ್ತಳೆ ಬಣ್ಣದ ಚುಕ್ಕೆಯನ್ನು ನೀವು ಎಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡಬಲ್ಲಿರಿ?

ಕಳೆದ ಶನಿವಾರ ನಾನು ಸುಮಾರು ಮುಕ್ಕಾಲು ಗಂಟೆ ನೋಡಿದೆ. ಆ ಚುಕ್ಕೆಯಲ್ಲಿ ನನ್ನ ಗಂಡ ಪ್ರಸಾದ್ ಮತ್ತು ಹನ್ನೆರಡು ವರ್ಷದ ಮಗಳು ಅನ್ವಿ ಇದ್ದರು.

ಇವತ್ತಿನ ಅಂಕಣಕ್ಕೆ ಬೇರೆ ಏನನ್ನೋ ಬರೆಯಬೇಕಿತ್ತು. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಅದೇ ನೀರು, ಅದೇ ಚುಕ್ಕೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಪ್ರಸಾದ್ ಹುಟ್ಟಿದ್ದು ಮಲ್ಪೆಯ ಪಕ್ಕ. ಈಗ ಅಬುಧಾಬಿಯ ಆಫೀಸೊಂದರಲ್ಲಿ ಪರ್ಚೇಸ್ ಮ್ಯಾನೇಜರ್. ಕಳೆದ ವರ್ಷ ಇಬ್ಬರು ಕೂರುವ ಕಯಾಕ್ ಕೊಂಡರು. ಅದರ ಜೊತೆಗೆ ಮನೆಗೆ ಬಂದದ್ದು ಯೂಟ್ಯೂಬ್ ಹುಚ್ಚು. ಅಮೆರಿಕದ ಯಾವನೋ ಗಡ್ಡದವನು ಸರೋವರದ ನಡುವೆ ಕುಳಿತು ಬಾಸ್ ಎಂಬ ಮೀನು ಹಿಡಿಯುವುದನ್ನು ಹೇಳಿಕೊಡುತ್ತಾನೆ. ಊಟದ ಹೊತ್ತಿನಲ್ಲೂ ಅವನದೇ ಪ್ರವಚನ. ಮೈಸೂರಿನಲ್ಲಿ ಬೆಳೆದ, ಈಜು ಬಾರದ ನನಗೂ ಈಗ ಅದು ಬಾಯಿಪಾಠ.

ಗೊತ್ತಿಲ್ಲದ ದೊಡ್ಡ ಸರೋವರಕ್ಕೆ ಹೋದರೆ ಇಡೀ ನೀರನ್ನು ಜಾಲಾಡಬೇಡಿ, ಒಂದು ಮೂಲೆ ಆರಿಸಿಕೊಳ್ಳಿ. ನೀರಿನ ಆಳ ತಟ್ಟನೆ ಬದಲಾಗುವ ಕಡೆ ಗಾಳ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿ ಯಾವ ದಡಕ್ಕೆ ಬಡಿಯುತ್ತದೋ ಆ ದಡಕ್ಕೆ ಹೋಗಿ. ಗಾಳಿ ಸಣ್ಣ ಮೀನನ್ನು ಅತ್ತ ತಳ್ಳುತ್ತದೆ, ದೊಡ್ಡ ಮೀನು ಅದರ ಬೆನ್ನು ಹತ್ತುತ್ತದೆ.

ಒಳ್ಳೆಯ ಸೂತ್ರಗಳೇ. (ಮೀನಿನ ಮಟ್ಟಿಗೆ ಒಂದೂ ಸುಳ್ಳಲ್ಲವೆಂದು ಈಗಲೂ ಒಪ್ಪುತ್ತೇನೆ.)

ಈ ಮರಳುಗಾಡಿನಲ್ಲಿ ಬಾಸ್ ಎಲ್ಲಿಂದ ಬರಬೇಕು? ನಮಗೆ ಸಿಗುವುದು ಹಮೂರ್, ಪ್ರಸಾದರ ಊರಲ್ಲಿ ಮುರುಮೀನು ಎನ್ನುವುದು. ಸರೋವರಕ್ಕೂ ಬದಲಿ ಹುಡುಕಿದ್ದರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಒಂದು ಖೋರ್, ಅಂದರೆ ಸಮುದ್ರ ನೆಲದೊಳಗೆ ನುಗ್ಗಿ ನಿಂತ ಹಿನ್ನೀರು. ಬೆಳಿಗ್ಗೆ ಏಳಕ್ಕೆ ಅದು ನಿಜವಾಗಿಯೂ ದೊಡ್ಡದೊಂದು ಕೆರೆಯಂತೆ ಮಲಗಿತ್ತು. ಆಚೆ ದಡದಲ್ಲಿ ಮ್ಯಾಂಗ್ರೋವ್ ಗಿಡಗಳ ಹಸಿರು ಗೆರೆ. ನಾವು ಮೂವರೂ ಅದನ್ನು ನೋಡಿದ್ದು ಅದೇ ಮೊದಲು.

ಗಾಳಿ ನಮ್ಮ ಬೆನ್ನ ಹಿಂದಿನಿಂದ, ಮರಳಿನ ಕಡೆಯಿಂದ ನೀರಿನತ್ತ ಬೀಸುತ್ತಿತ್ತು.

"ಹೋಗೋದೇನೋ ಸುಲಭ. ವಾಪಸ್ ಬರೋವಾಗ ಎದುರುಗಾಳಿ ಆಗಲ್ವೇನ್ರೀ?" ಎಂದೆ.

"ಎಂತ ಮಾರಾಯ್ತಿ, ಇಷ್ಟು ವರ್ಷ ನನ್ನೊಟ್ಟಿಗೆ ಇದ್ದು ಇದನ್ನೂ ಕಲೀಲಿಲ್ವಾ? ಬೆಳಿಗ್ಗೆ ಗಾಳಿ ಹೊರಗೆ ನೂಕ್ತದೆ. ಹತ್ತು ಗಂಟೆ ಮೇಲೆ ತಿರುಗಿ ಅದೇ ವಾಪಸ್ ತಂದು ಬಿಡ್ತದೆ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು."

"ಇದು ನಿಮ್ಮೂರಲ್ವಲ್ಲ."

"ನೀರು ಎಲ್ಲಿದ್ರೂ ನೀರೇ."

"ಅಮ್ಮಾ, ಪ್ಲೀಸ್ ಡೋಂಟ್ ಸ್ಟಾರ್ಟ್," ಎಂದಳು ಅನ್ವಿ, ಲೈಫ್ ಜಾಕೆಟ್ ಬಿಗಿಯುತ್ತಾ. ಪ್ರಸಾದ್ ತಮ್ಮ ಫೋನನ್ನು ನನ್ನ ಬ್ಯಾಗಿಗೆ ಹಾಕಿದರು. ನೀರಿಗೆ ಬಿದ್ದರೆ ಹಾಳಲ್ಲವೇ?

ಗಾಳಿ ಬಡಿಯುವ ದಡವೆಂದರೆ ಆ ಹಸಿರು ಗೆರೆ. ಸೂತ್ರದ ಪ್ರಕಾರ ಅಲ್ಲಿಗೇ ಹೋದರು. ಎಂಟೂವರೆಗೆ ತಲುಪಿದರು. ಅನ್ವಿ ಹುಟ್ಟನ್ನು ಎತ್ತಿ ಬೀಸಿದ್ದು ಕಂಡಿತು. ನಾನು ಫೋಲ್ಡಿಂಗ್ ಕುರ್ಚಿ ಬಿಡಿಸಿ ಕಾಫಿ ಕುಡಿದೆ.

ಹತ್ತರ ಹೊತ್ತಿಗೆ ಕಯಾಕ್ ಆ ದಡ ಬಿಟ್ಟು ನನ್ನ ಕಡೆ ತಿರುಗಿತು. ಹತ್ತೂವರೆಗೂ ಅದು ಅಲ್ಲೇ ಇತ್ತು. ಇನ್ನೊಂದು ಸಲ ಗಾಳ ಹಾಕುತ್ತಿರಬೇಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ಕತ್ತಿನ ಹಿಂಭಾಗಕ್ಕೆ ಮರಳು ಚುಚ್ಚತೊಡಗಿತು. ಗಾಳಿ ಜೋರಾಗಿತ್ತು. ತಿರುಗಿರಲಿಲ್ಲ. ಆದರೂ ನಾನು ಏನು ಮಾಡಿದೆ ಹೇಳಿ? ಕುರ್ಚಿಯನ್ನು ಕಾರಿನ ಮರೆಗೆ ಎಳೆದುಕೊಂಡು ಕುಳಿತೆ. ಅವರಿಗೆ ಗೊತ್ತಿರುತ್ತದೆ, ಅಲ್ಲವೇ?

ಹನ್ನೊಂದಕ್ಕೆ ಎದ್ದು ನೋಡಿದಾಗ ಕಯಾಕ್ ಹತ್ತಿರ ಬರುವ ಬದಲು ಪಕ್ಕಕ್ಕೆ ಸರಿದು ಇನ್ನಷ್ಟು ದೂರ ಹೋಗಿತ್ತು. ಎರಡು ಜಾಕೆಟ್‌ಗಳು ಸೇರಿ ಒಂದೇ ಚುಕ್ಕೆಯಾಗಿದ್ದವು. ಆಗ ಕಂಡಿತು, ಆ ಹಸಿರು ಗೆರೆ ದಡವೇ ಅಲ್ಲ. ನಡುನಡುವೆ ಬಾಯಿ ತೆರೆದ ಗಿಡಗಳ ಸಾಲು. ಅದರಾಚೆ ಬಿಳಿ ನೊರೆಯ ತೆರೆದ ಸಮುದ್ರ. ಚುಕ್ಕೆ ಅಂಥದೊಂದು ಬಾಯಿಯ ಕಡೆಗೇ ಜಾರುತ್ತಿತ್ತು.

ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡಿದೆ. "ಲೊಕೇಶನ್, ಮ್ಯಾಡಮ್?" ಎಂದರು. ಹೆದ್ದಾರಿ ಬಿಟ್ಟು ಪೆಟ್ರೋಲ್ ಪಂಪ್ ಆದ ಮೇಲೆ ಎರಡನೇ ತಿರುವು ಎಂದು ಶುರು ಮಾಡಿದೆ, ಮೈಸೂರಿನ ಆಟೋದವರಿಗೆ ಹೇಳುವ ಹಾಗೆ. ಅವರು ತಾಳ್ಮೆಯಿಂದ ಲೊಕೇಶನ್ ಪಿನ್ ಕಳಿಸಲು ಹೇಳಿದರು. ಕಳಿಸಿದೆ. ಕಳಿಸಿದ ಮೇಲೆ ಹೊಳೆಯಿತು. ಆ ಪಿನ್ ನಾನು ನಿಂತ ಜಾಗದ್ದು. ಅವರಿಬ್ಬರ ಜಾಗವನ್ನು ಹೇಳಬೇಕಾದ ಫೋನ್ ನನ್ನ ಬ್ಯಾಗಿನಲ್ಲೇ ಇತ್ತು.

ನಮ್ಮ ಕಾರಿನ ಪಕ್ಕ ಒಂದು ಪಿಕಪ್ ನಿಂತಿತ್ತು, ಹಿಂದೆ ಟ್ರೇಲರ್ ಮೇಲೆ ಸಣ್ಣ ಬೋಟ್. ಅದರ ನೆರಳಿನಲ್ಲಿ ಎಮಿರಾತಿ ಮುದುಕರೊಬ್ಬರು ಬೆಳಿಗ್ಗೆಯಿಂದ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಅವರ ಬಳಿ ಓಡಿದೆ. ಹಿಂದಿಯಲ್ಲಿ ಏನೇನು ಹೇಳಿದೆನೋ.

"ಕಿತನೇ ಲೋಗ್?"

"ದೋ. ಬೇಟಿ ಭೀ ಹೈ."

ಅವರು ಫ್ಲಾಸ್ಕ್ ಮುಚ್ಚಲಿಲ್ಲ. ಎದ್ದೇಬಿಟ್ಟರು. ಟ್ರೇಲರ್ ಅನ್ನು ನೀರಿಗೆ ಹಿಮ್ಮೆಟ್ಟಿಸುತ್ತಾ ಕಿಟಕಿಯಿಂದಲೇ ಹೇಳಿದರು. ಇದು ಕೌಸ್ ಗಾಳಿ, ಇವತ್ತು ತಿರುಗುವುದಿಲ್ಲ, ನಾಳೆಯೂ ಅನುಮಾನ. ಇದನ್ನು ನೋಡಿಯೇ ತಾನು ಬೋಟ್ ಇಳಿಸಲಿಲ್ಲ. ಮಗು ಜೊತೆಗಿದೆ, ಇವರು ದಡದ ಹತ್ತಿರವೇ ಆಡಿಕೊಂಡು ಬರುತ್ತಾರೆ ಎಂದುಕೊಂಡಿದ್ದರಂತೆ.

ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೇವೆ. ಬೆಳಿಗ್ಗೆ ಅವರ ಪಕ್ಕದಲ್ಲೇ ಕಾರು ನಿಲ್ಲಿಸಿದೆವು. ಒಂದು ಸಲಾಂ ಹೇಳಿ, ನೀರು ಹೇಗಿದೆ ಎಂದು ಕೇಳಲು ಎಷ್ಟು ಹೊತ್ತು ಬೇಕಿತ್ತು? ಅಮೆರಿಕದ ಗಡ್ಡದವನನ್ನು ಕೇಳಿದೆವು. ಮಲ್ಪೆಯ ಗಾಳಿಯನ್ನು ಕೇಳಿದೆವು. ಹತ್ತು ಹೆಜ್ಜೆ ದೂರದಲ್ಲಿದ್ದವರನ್ನು ಬಿಟ್ಟು.

ಬೋಟ್ ಹತ್ತುವ ಮೊದಲು ಅವರು ನನ್ನ ಬಲಗೈ ಎತ್ತುವಂತೆ ಸನ್ನೆ ಮಾಡಿದರು. ಕೆಳಗೆ ಕೂತಾಗ ಅಲೆಗಳ ನಡುವೆ ತನಗೆ ಕಯಾಕ್ ಕಾಣುವುದಿಲ್ಲ. ನೀನು ಎತ್ತರದಲ್ಲಿ ನಿಂತು ಅದರತ್ತ ಕೈ ಚಾಚಿಕೊಂಡೇ ಇರು. ಕಣ್ಣು ತೆಗೆಯಬೇಡ. "ಯಲ್ಲಾ," ಎಂದು ಹೊರಟರು.

ಪಿಕಪ್ ಹಿಂಬದಿ ಹತ್ತಿ ನಿಂತೆ. ಕೈ ಚಾಚಿದೆ. ಮರಳು ಕಣ್ಣಿಗೆ ಬೀಳುತ್ತಿತ್ತು, ಉಜ್ಜಿಕೊಳ್ಳುವಂತಿರಲಿಲ್ಲ. ಚುಕ್ಕೆ ಅಲೆಯ ಹಿಂದೆ ಮುಳುಗುತ್ತಿತ್ತು, ಏಳುತ್ತಿತ್ತು. ಪ್ರತಿ ಸಲ ಮುಳುಗಿದಾಗ ನಾನು ಎಣಿಸುತ್ತಿದ್ದೆ. ಒಮ್ಮೆ ಹದಿನಾಲ್ಕರವರೆಗೂ ಏಳಲಿಲ್ಲ. ಆ ಹದಿನಾಲ್ಕು ಅಂಕಿಗಳ ಒಳಗೆ ನಾನು ಇನ್ನೂ ಸಿಕ್ಕಿಕೊಂಡಿದ್ದೇನೆ. ಬೋಟಿನವರು ಆಗಾಗ ಹಿಂತಿರುಗಿ ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಕೈಯನ್ನು.

ಗಿಡಗಳ ಸಾಲಿನ ಆಚೆ, ತೆರೆದ ಸಮುದ್ರದ ಮೊದಲ ಅಲೆಗಳಲ್ಲಿ ಅವರಿಬ್ಬರೂ ಸಿಕ್ಕಿದರು. ಕಯಾಕ್ ಅಲ್ಲೇ ಬಿಟ್ಟು ಬಂದರು. ಪ್ರಸಾದರ ಎರಡೂ ಅಂಗೈ ಸುಲಿದು ಹೋಗಿದ್ದವು. ಅನ್ವಿಯ ಹಲ್ಲು ಕಟಕಟ ಎನ್ನುತ್ತಿತ್ತು. ಅವಳನ್ನು ಹಿಡಿದುಕೊಂಡಾಗಲೂ ನನ್ನ ಬಲಗೈ ಮಡಚಲು ಬರಲಿಲ್ಲ.

ಮನೆಗೆ ಬರುವಾಗ ಕಾರು ಓಡಿಸಿದ್ದು ನಾನೇ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಾಳೆ ಎಂದುಕೊಂಡು ಕೇಳಿದೆ.

"ಗಾಳಿ ತಿರುಗಲ್ಲ ಅಂತ ಯಾವಾಗ ಗೊತ್ತಾಯ್ತು?"

"ಹತ್ತೂಕಾಲಿಗೆ."

"ಆಮೇಲೆ ಅವಳಿಗೆ ಏನ್ ಹೇಳ್ತಿದ್ರಿ?"

ಪ್ರಸಾದ್ ಕಿಟಕಿಯ ಹೊರಗೆ ನೋಡಿದರು. "ಈಗ ತಿರುಗ್ತದೆ ಅಂತ."

"ಇಲೆವೆನ್ ಟೈಮ್ಸ್," ಎಂದಿತು ಹಿಂದಿನ ಸೀಟು. "ಐ ಕೌಂಟೆಡ್, ಅಪ್ಪಾ."

'ನನಗೆ ಗೊತ್ತಿಲ್ಲ' ಎಂದು ಮಗಳ ಮುಂದೆ ಹೇಳಲು ಒಬ್ಬ ಅಪ್ಪನಿಗೆ ಇನ್ನೆಷ್ಟು ಆಳದ ನೀರು ಬೇಕು?