ಹೆರದವಳ ಅಂಗಳ

ಮೊನ್ನೆ ಹಿತ್ತಲಿನ ಒಗೆಯುವ ಕಲ್ಲಿನ ಹಿಂದೆ ಹಾವಿನ ಪೊರೆ ಸಿಕ್ಕಿತು. ಕೋಲಿನಿಂದ ಎತ್ತಿದೆ. ಒಣಗಿದ ಈರುಳ್ಳಿ ಸಿಪ್ಪೆಯಷ್ಟು ಹಗುರ. ಎಸೆಯಲು ಹೋದವಳಿಗೆ ಗೌರಿಬಿದನೂರಿನ ವಠಾರದ ಪಕ್ಕದ ಮನೆಯ ಅಕ್ಕ ನೆನಪಾದಳು...

ಅಕ್ಕನಿಗೆ ಮಕ್ಕಳಿರಲಿಲ್ಲ. ಹಿಂದಿನ ಜನ್ಮದಲ್ಲಿ ಹಾವು ಕೊಂದಿದ್ದಾಳೆ, ಅದರ ಶಾಪ ಎನ್ನುತ್ತಿದ್ದರು ಅವಳ ಅತ್ತೆ. ನಲವತ್ತು ದಿನ ನೀರಿನಲ್ಲಿಟ್ಟ ನಾಗರಕಲ್ಲನ್ನು ವಿದುರಾಶ್ವತ್ಥಕ್ಕೆ ಒಯ್ದು ಪ್ರತಿಷ್ಠೆ ಮಾಡಿಸಿದರು. ಜೊತೆಗೆ ನಾನೂ ಹೋಗಿದ್ದೆ, ಸೊಂಟದಲ್ಲಿ ಮಗಳು, ಕೈಯಲ್ಲಿ ಮಗ. ನಿಜ ಹೇಳಬೇಕೆಂದರೆ, ಅವಳ ಮುಂದೆ ಹಾಗೆ ನಿಲ್ಲುವುದು ನನಗೆ ಹಿತವಾಗಿತ್ತು.

ಅಶ್ವತ್ಥದ ಬುಡದಲ್ಲಿ ಸಾಲು ಸಾಲು ಹೆಡೆಗಳು. ಅಕ್ಕ ತುಂಬ ಹೊತ್ತು ನೋಡುತ್ತ ನಿಂತಳು. ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು:

"ಒಂದೊಂದು ಕಲ್ಲಿನ ಹಿಂದೇನೂ ನನ್ನಂಥೋಳೊಬ್ಳು ಅತ್ತಿರ್ತಾಳೆ ಕಣೇ. ನನ್ನ ಅಳೂನೂ ಅಲ್ಲೇ ಬಿಟ್ಟು ಬಂದೆ. ಹಾವು ಪೊರೆ ಬಿಟ್ಮೇಲೆ ತಿರುಗಿ ನೋಡುತ್ತಾ?"

ಮರುವಾರವೇ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಳು. ಅತ್ತೆ ಕೂಗಾಡಿದರು. ಇವಳು ಹಳೆಯ ಪುಸ್ತಕಗಳ ಧೂಳು ಕೊಡವಿ ಜಗುಲಿಯಲ್ಲಿ ಓದಲು ಕುಳಿತಳು. ಬೆನ್ನು ನೆಟ್ಟಗಾಗಿತ್ತು, ಮಾತು ಬದಲಾಗಿತ್ತು. ನಾನು ಗೋಡೆಯ ಈಚೆ ಮಕ್ಕಳ ಬಟ್ಟೆ ಒಗೆಯುತ್ತ ಅದನ್ನೇ ನೋಡುತ್ತಿದ್ದೆ. ಎಲ್ಲ ಇದ್ದ ನನಗೆ, ಏನೂ ಇಲ್ಲದವಳನ್ನು ಕಂಡು ಹೊಟ್ಟೆ ಉರಿಯತೊಡಗಿತು.

ಒಂದು ಮಧ್ಯಾಹ್ನ ಅವರ ಮನೆಗೆ ಬೀಗ ಹಾಕಿತ್ತು. ಅಂಚೆಯಣ್ಣ ಅವಳ ಸಂದರ್ಶನದ ಪತ್ರವನ್ನು ನನ್ನ ಕೈಗೆ ಕೊಟ್ಟು ಹೋದ. ಸಂಜೆ ಕೊಡೋಣ ಎಂದು ಅಕ್ಕಿ ಡಬ್ಬದ ಕೆಳಗಿಟ್ಟೆ. ಸಂಜೆ ಕೊಡಲಿಲ್ಲ. ಮರುದಿನವೂ ಇಲ್ಲ. ಸಂದರ್ಶನದ ದಿನ ಕಳೆದ ಮೇಲೆ ಒಲೆಗೆ ಹಾಕಿದೆ.

ಅಕ್ಕ ದಿನವೂ ಬಾಗಿಲಲ್ಲಿ ನಿಂತು ಕಾದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ, ಸೀಟು ಪಡೆದು ಹೊರಟೇಹೋದಳು.

ಎಷ್ಟೋ ವರ್ಷಗಳ ನಂತರ ನನ್ನ ಮಗಳನ್ನು ಹೆರಿಗೆಗೆಂದು ಚಿಂತಾಮಣಿಯ ಆಸ್ಪತ್ರೆಗೆ ಸೇರಿಸಿದ್ದೆವು. ಮೊಮ್ಮಗಳನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದವಳು ಅಕ್ಕ!

"ಅಕ್ಕಾ, ಆವತ್ತು ನಿನ್ನ ಕಾಗ್ದ..."

"ಗೊತ್ತು ಕಣೇ. ಕಾದು ಕಾದು ಕೊನೆಗೆ ಕೇಳ್ದಾಗ ಅಂಚೆಯಣ್ಣ ಹೇಳಿದ್ದ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ನಿನ್ನ ಬಾಯಲ್ಲಿ ಸುಳ್ಳು ಹೇಳಿಸೋಕೆ ಮನಸ್ಸು ಬರ್ಲಿಲ್ಲಮ್ಮ. ತಗೋ, ಕತ್ತು ಹುಷಾರಾಗಿ ಹಿಡ್ಕೋ."

ನಾನು ಅಳಬೇಕಿತ್ತು. ಆದರೆ ಆ ಗಳಿಗೆಯಲ್ಲೂ, ಇವಳಿಗೆ ಕ್ಷಮಿಸುವುದೂ ಇಷ್ಟು ಸಲೀಸೇ ಎಂದು ಒಳಗೆ ಕುದಿಯಿತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಕೊನೆಯ ಸಲ ಮುಖ ನೋಡಲು ಹೋದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಕೈಯಲ್ಲಿ ಹುಟ್ಟಿದವರು, ಅವರ ತಾಯಂದಿರು, ಎಲ್ಲರೂ "ಅಮ್ಮಾ" ಎಂದು ಅಳುತ್ತಿದ್ದರು. ನನ್ನ ಮೊಮ್ಮಗಳೂ ಅವರೊಳಗೆ ಸೇರಿಕೊಂಡಳು. ಮೊದಲು ಹೊಟ್ಟೆ ಉರಿಯಿತು. ಅಳು ಬಂದದ್ದು ಆಮೇಲೆ.