ತಿಳಿಯಾಗಿಬಿಟ್ಟ ಸವಣೂರಿನ ಬಾಟಲಿ

ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಆ ಬೆಳಗ್ಗೆ ಇದ್ದವರು ನಾನು ಮತ್ತು ನನ್ನ ಅಕ್ಕನ ಗಂಡ ರಾಘಣ್ಣ. ನಡುವೆ ಮರದ ಹೊಟ್ಟು ತುಂಬಿದ ಮಂಜುಗಡ್ಡೆಯ ಪೆಟ್ಟಿಗೆ. ಕಂಡಕ್ಟರ್ ಅದಕ್ಕೂ ಲಗೇಜಿನ ಟಿಕೇಟು ಹರಿದ. ನೀರಿನ ಕಾಯ್ದೆ ಬಂದ ಹೊಸತು. ಜನ ಜಳಕ ಮಾಡುವ ಕೆರೆಗಳ ನೀರನ್ನು ಬಾಟಲಿಗೆ ತುಂಬಿ, ತಂಪು ಕೆಡದಂತೆ ಅದೇ ಸಂಜೆ ಧಾರವಾಡಕ್ಕೆ ಪರೀಕ್ಷೆಗೆ ಮುಟ್ಟಿಸುವುದು ರಾಘಣ್ಣನ ನೌಕರಿ. ಪೆಟ್ಟಿಗೆಯ ಇನ್ನೊಂದು ಹಿಡಿಕೆಗೆ ನಾನು.

ಮೊದಲ ಬಾಟಲಿಯನ್ನು ನಸುಕಿನಲ್ಲೇ ಅಲ್ಲಿಯ ಕೆರೆಯಲ್ಲಿ ಎಮ್ಮೆಗಳ ಪಕ್ಕ ನಿಂತು ತುಂಬಿದ್ದೆವು. ಎಮ್ಮೆಯ ಮೈ ತೊಳೆಯುವುದೂ ಕಾಯ್ದೆಯಲ್ಲಿ ಜಳಕವೇ ಎಂದು ಒಬ್ಬ ಕೇಳಿದ್ದ. ರಾಘಣ್ಣ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಾಯ್ದೆಯ ಪುಸ್ತಕ ತಿರುವಿದ, ಉತ್ತರ ಸಿಗಲಿಲ್ಲ. ಹಾನಗಲ್ಲಿನಲ್ಲಿ ಮಂಡಕ್ಕಿ ಮಿರ್ಚಿ ತಿಂದು ಎರಡನೆಯ ಬಾಟಲಿ ತುಂಬಿದೆವು. ಸವಣೂರಿನ ಆಚೆಯ ಹಳ್ಳಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಅಲ್ಲಿ ಈಜು ಕಲಿಸುವ ಇಮಾಮಸಾಬರು ಕಾಯುತ್ತಿದ್ದರು. ಪರೀಕ್ಷೆ ಬೇಡಿದವರೇ ಅವರು.

“ಹುಡುಗೂರ ಕಣ್ಣು ಕೆಂಪಗಾಗಾಕತ್ತಾವ್ರಿ. ನೀರಿಂದೋ, ಗಾಳೀದೋ ತಿಳೀವಲ್ತು. ನೀರಿಂದ ಅಂದ್ರ ನಾ ಒಬ್ಬನ್ನೂ ಕೆರಿಗೆ ಇಳಸಂಗಿಲ್ಲ.”

ಬಾಟಲಿ ತುಂಬಿ, ಪೆಟ್ಟಿಗೆಯನ್ನು ಅವರ ಪಡಸಾಲೆಯ ನೆರಳಲ್ಲಿಟ್ಟು, ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿದೆವು. ಅವರ ಹೆಂಡತಿ ಖಾತುನಬಿ ತಟ್ಟೆ ತುಂಬ ಸವಣೂರಿನ ಖಾರಾ, ಮೇಲೆ ಎಲೆ ಅಡಿಕೆ ಕೊಟ್ಟು ಕಳಿಸಿದರು.

ಶಿಗ್ಗಾವಿಯಲ್ಲಿ ಐಸ್ ಕ್ಯಾಂಡಿಯವನಿಂದ ಮಂಜುಗಡ್ಡೆ ಕೊಂಡು ಪೆಟ್ಟಿಗೆ ತೆರೆದೆವು. ಎರಡು ಬಾಟಲಿ ತುಸು ಹಸಿರು. ಸವಣೂರಿನದು ಕನ್ನಡಿಯಂತೆ ತಿಳಿ.

“ಬಸ್ಸಿನ್ಯಾಗ ಕುಲುಕಾಡಿದ್ರ ರಾಡಿ ಆಗಬೇಕು. ತಿಳಿ ಹೆಂಗಾತಪ್ಪ?” ಎಂದ ರಾಘಣ್ಣ. ಬಂದ ದಾರಿಯಲ್ಲೇ ಬಸ್ಸು ಹತ್ತಿ ಇಮಾಮಸಾಬರ ಮನೆಗೆ ಮರಳಿದೆವು.

ಕೇಳಿದಾಗ ಖಾತುನಬಿ ಅಳುಕಲಿಲ್ಲ. “ಆ ರಾಡಿ ನೀರ ಧಾರವಾಡದ ಸಾಹೇಬ್ರಿಗೆ ಹೆಂಗ ಕಳಸೂದ್ರಿ? ಚೆಲ್ಲಿ, ನಮ್ಮ ಸೀನೀರ ಬಾವೀದು ಬಟ್ಟ್ಯಾಗ ಸೋಸಿ ಹಾಕೇನಿ. ಊರ ಮರ್ಯಾದಿ ಅಲ್ಲೇನ್ರಿ?”

ಇಮಾಮಸಾಬರು ಹೆಂಡತಿಯನ್ನು ನೋಡಿದರು, ಬಾಟಲಿಯನ್ನು ನೋಡಿದರು. “ನನ್ನ ಕೆರೀನ ಬಾವಿ ಮಾಡಿ ಕುಂತೀಯಲ್ಲ,” ಎಂದರು.

ರಾಘಣ್ಣ ಬೇರೆ ಬಾಟಲಿಗೆ ಕೆರೆಯ ನೀರು ತುಂಬಿದ. ಸೋಸಿದ ನೀರನ್ನು ಆಕೆಯ ಎದುರು ಚೆಲ್ಲಲು ಮನಸ್ಸು ಬಾರದೆ ಅದನ್ನೂ ಒಯ್ದ. ಧಾರವಾಡ ಮುಟ್ಟಿದಾಗ ಪರೀಕ್ಷೆಯವರು ಬಾಗಿಲಿಗೆ ಬೀಗ ಹಾಕುತ್ತಿದ್ದರು; ತೆಗೆಸಿ ನಾಲ್ಕೂ ಬಾಟಲಿ ಒಪ್ಪಿಸಿದೆವು.

ಮುಂದೆ ವರದಿ ಬಂತು. ಕೆರೆಯ ನೀರು ಸ್ನಾನಕ್ಕೆ ಯೋಗ್ಯವಲ್ಲ, ಬಾವಿಯ ನೀರು ಸ್ನಾನಕ್ಕೆ ಯೋಗ್ಯ. ಇಮಾಮಸಾಬರು ಮಾತಿನಂತೆ ಹುಡುಗರನ್ನು ಕೆರೆಗೆ ಇಳಿಸಲಿಲ್ಲ. ಕುಡಿಯುವ ನೀರಿನ ಬಾವಿಯಲ್ಲಿ ಯಾರಾದರೂ ಕಾಲಿಡುತ್ತಾರೆಯೇ ಎಂದು ಖಾತುನಬಿ ಬಾವಿಗೂ ಬಿಡಲಿಲ್ಲ. ಆ ಬೇಸಿಗೆ ಇಮಾಮಸಾಬರು ಕೆರೆಯ ದಂಡೆಯ ಹುಲ್ಲಿನ ಮೇಲೆ ಹುಡುಗರನ್ನು ಬೋರಲು ಮಲಗಿಸಿ, ಕೈಕಾಲು ಆಡಿಸಿ, ಈಜು ಕಲಿಸಿದರು.